ಕಾವೇರಿ ನೀರು ಬಂತು, ಕೊಳಚೆಗೆ ದಾರಿ ಯಾವುದು? 110 ಹಳ್ಳಿಗಳ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ,

2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳು ಕಾವೇರಿ ನೀರಿಗಾಗಿ ಬಹಳ ಕಾದವು. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರು ಯೋಜನೆಯ ಐದನೇ ಹಂತ ಚಾಲೂ ಆಯಿತು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ದಿನಕ್ಕೆ 775 ಎಂಎಲ್‌ಡಿ, ಅಂದರೆ 77.5 ಕೋಟಿ ಲೀಟರ್ ತರುವ ಸಾಮರ್ಥ್ಯ ಅದಕ್ಕಿದೆ. ದೊಡ್ಡ ಕೆಲಸವೇ ಆಗಿದೆ. ಆದರೆ ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಸುಮಾರು ಎಂಬತ್ತು ಭಾಗ ಕೊಳಚೆಯಾಗಿ ಹೊರಗೆ ಹೋಗುತ್ತದೆ. ಒಳಚರಂಡಿ ವಿನ್ಯಾಸ ಮಾಡುವವರು ಹಿಡಿಯುವ ಲೆಕ್ಕವೇ ಅದು. ಅಷ್ಟೂ ನೀರು ಮನೆ ಸೇರಿದ ದಿನ 620 ಎಂಎಲ್‌ಡಿ ಕೊಳಚೆಗೆ ಜಾಗ ಬೇಕು. ಬೋರ್‌ವೆಲ್, ಟ್ಯಾಂಕರ್ ನೀರಿನದ್ದು ಬೇರೆ.

ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿ ಇದನ್ನು ಹಿಂದೆಯೇ ಗಮನಿಸಿದೆ. ಒಳಚರಂಡಿ ಇಲ್ಲದ ಊರಿಗೆ ಒಬ್ಬರಿಗೆ ದಿನಕ್ಕೆ 70 ಲೀಟರ್, ಒಳಚರಂಡಿ ಇರುವ ಊರಿಗೆ 135 ಲೀಟರ್ ಎಂದು 1999ರ ಆವೃತ್ತಿ ಹೇಳುತ್ತದೆ. ಹೊರಹೋಗಲು ದಾರಿಯಿಲ್ಲದ ಕಡೆ ಹೆಚ್ಚು ನೀರು ಬಿಟ್ಟರೆ ಅದು ಮೋರಿಗೆ, ಮೋರಿಯಿಂದ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ ಹೋಗಿ ನಿಲ್ಲುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳಲ್ಲಿ ನೊರೆ ಎದ್ದದ್ದನ್ನು ದೇಶವೇ ನೋಡಿದೆ. ನೀರು ನಿಲ್ಲಿಸಿ ಎಂದು ನಾವು ಕೇಳುತ್ತಿಲ್ಲ. ಯಾವ ಮನೆಗೆ ನೀರಿನ ಸಂಪರ್ಕ ಕೊಡುತ್ತೀರೋ ಆ ಮನೆಯ ಯುಜಿಡಿ (ಒಳಚರಂಡಿ) ಸಂಪರ್ಕವೂ ಅದೇ ಅರ್ಜಿಯಲ್ಲಿ, ಅದೇ ರೋಡ್ ಕಟಿಂಗ್‌ನಲ್ಲಿ ಆಗಲಿ ಎಂಬುದು ನಮ್ಮ ಬೇಡಿಕೆ.

ಕೆಲಸದ ವರದಿ ಯಾವಾಗಲೂ ಕಿಲೋಮೀಟರ್ ಲೆಕ್ಕದಲ್ಲಿ ಬರುತ್ತದೆ: ಇಷ್ಟು ಉದ್ದ ಪೈಪ್ ಹಾಕಿದೆವು, ಇಷ್ಟು ಮ್ಯಾನ್‌ಹೋಲ್ ಕಟ್ಟಿದೆವು. ಬೀದಿಯಲ್ಲಿ ಪೈಪ್ ಇದ್ದು, ಮನೆಯ ಕೊಳವೆ ಇನ್ನೂ ಮೋರಿಗೇ ಬೀಳುತ್ತಿದ್ದರೆ ಆ ಪೈಪ್ ಇದ್ದೂ ಇಲ್ಲದಂತೆ. ಜನ ಯಾಕೆ ಜೋಡಿಸಿಕೊಳ್ಳುವುದಿಲ್ಲ? ದುಡ್ಡು ಒಂದು ಕಾರಣ. ಸಂಪರ್ಕದ ಶುಲ್ಕವನ್ನು ತಿಂಗಳ ಬಿಲ್ಲಿನಲ್ಲಿ ಕಂತಾಗಿ ವಸೂಲಿ ಮಾಡಿದರೆ ಅದು ಬಹುಪಾಲು ಬಗೆಹರಿಯುತ್ತದೆ. ಇನ್ನೊಂದು ಕಾರಣ ಮಟ್ಟ. ಅದನ್ನು ಯಾರೂ ಮಾತಾಡುವುದಿಲ್ಲ.

ಹಳೆ ಡಾಂಬರು ಕೆರೆದು ತೆಗೆಯದೆ ಮೇಲಿಂದ ಮೇಲೆ ಹೊಸ ಪದರ ಹಾಕಿದ್ದರಿಂದ ಗ್ರಾಮಠಾಣದ ಎಷ್ಟೋ ಬೀದಿಗಳು ಮನೆಯ ನೆಲಕ್ಕಿಂತ ಎತ್ತರವಾಗಿವೆ. ಮನೆಯಿಂದ ಹೊರಡುವ ನಾಲ್ಕು ಇಂಚಿನ ಪೈಪಿಗೆ 40ಕ್ಕೆ 1ರ ಇಳಿಜಾರು ಬೇಕು. ಹತ್ತು ಮೀಟರ್ ಉದ್ದಕ್ಕೆ 25 ಸೆಂಟಿಮೀಟರ್ ಇಳಿಯಬೇಕು. ಬೀದಿಯ 200 ಮಿಲಿಮೀಟರ್ ಪೈಪಿಗೆ ಕನಿಷ್ಠ 250ಕ್ಕೆ 1 ಬೇಕು. ಅದಕ್ಕಿಂತ ಕಡಿಮೆಯಾದರೆ ನೀರು ಸೆಕೆಂಡಿಗೆ 0.6 ಮೀಟರ್ ವೇಗ ಮುಟ್ಟುವುದಿಲ್ಲ, ಮಲವೂ ಮರಳೂ ತಳದಲ್ಲಿ ಕೂರುತ್ತವೆ. ಬೀದಿಯ ಪೈಪನ್ನು ರಸ್ತೆಯ ಮಟ್ಟ ನೋಡಿ ಹೂತರೆ ತಗ್ಗಿನ ಮನೆಯ ಬಚ್ಚಲಿನಲ್ಲಿ ಕೊಳಚೆ ಉಕ್ಕುತ್ತದೆ. ಅಂಥ ಮನೆಯವರು ಜೋಡಿಸಿಕೊಳ್ಳಲು ಒಪ್ಪದಿರುವುದು ಹಟವಲ್ಲ, ವಿವೇಕ. ಆದ್ದರಿಂದ ಅಗೆಯುವ ಮುಂಚೆ ಬೀದಿಯ ಅತಿ ತಗ್ಗಿನ ಮನೆಯ ಬಚ್ಚಲಿನ ಮಟ್ಟ ತೆಗೆದುಕೊಂಡು, ಅಲ್ಲಿಂದ ಲೆಕ್ಕ ಹಾಕಿ ಪೈಪಿನ ಆಳ ನಿಗದಿ ಮಾಡಬೇಕು.

ಬಿಲ್ ಪಾಸಾಗುವ ಮುಂಚೆ ಮಾಡಿಸಬೇಕಾದ ಪರೀಕ್ಷೆಯೂ ಸುಲಭದ್ದೇ. ಒಂದು ಮ್ಯಾನ್‌ಹೋಲ್‌ನಲ್ಲಿ ಟಾರ್ಚ್, ಪಕ್ಕದ್ದರಲ್ಲಿ ಕನ್ನಡಿ. ಕನ್ನಡಿಯಲ್ಲಿ ಪೂರ್ತಿ ದುಂಡನೆಯ ಬೆಳಕು ಕಂಡರೆ ಪೈಪ್ ನೇರವಾಗಿದೆ, ಒಳಗೆ ಸಿಮೆಂಟು, ಕಲ್ಲು ಉಳಿದಿಲ್ಲ. ಅರ್ಧಚಂದ್ರ ಕಂಡರೆ ಎಲ್ಲೋ ಕುಸಿದಿದೆ ಇಲ್ಲವೇ ಕಟ್ಟಿದೆ. ರಸ್ತೆ ಮುಚ್ಚುವ ಮುಂಚೆ ಇದನ್ನು ವಾರ್ಡಿನ ಜನರೆದುರೇ ಮಾಡಲಿ.

ಮಳೆಗಾಲದಲ್ಲಿ ಮ್ಯಾನ್‌ಹೋಲ್ ಮುಚ್ಚಳ ಹಾರುವುದಕ್ಕೆ ಪೈಪ್ ಚಿಕ್ಕದಾಯಿತು ಎನ್ನುತ್ತಾರೆ. ಹೆಚ್ಚಿನ ಕಡೆ ಕಾರಣ ಚಾವಣಿಯ ನೀರು. 30x40 ಅಡಿ ಸೈಟಿನಷ್ಟೇ ಚಾವಣಿ ಇದ್ದರೆ 20 ಮಿಲಿಮೀಟರ್ ಮಳೆಗೆ 2,200 ಲೀಟರ್ ಇಳಿಯುತ್ತದೆ. ನಾಲ್ಕು ಜನರ ಮನೆಯ ಕೊಳಚೆ ದಿನಕ್ಕೆ 430 ಲೀಟರ್ ಆಸುಪಾಸು. ಐದು ದಿನದ ಕೊಳಚೆಯಷ್ಟು ನೀರು ಒಂದು ಮಳೆಗೆ ಒಳಚರಂಡಿಯ ಚೇಂಬರ್‌ಗೆ ಬಿದ್ದರೆ ಯಾವ ಪೈಪೂ ತಡೆಯದು. ಮಳೆನೀರು ಕೊಯ್ಲು 2009ರಿಂದಲೇ ಕಡ್ಡಾಯ. ಸಂಪರ್ಕ ಕೊಡುವ ದಿನವೇ ಚಾವಣಿ ಪೈಪ್ ಎಲ್ಲಿಗೆ ಹೋಗಿದೆ ಎಂದು ನೋಡಿ, ಇಂಗುಗುಂಡಿಗೋ ಸಂಪಿಗೋ ತಿರುಗಿಸಿದ ಮೇಲೆ ಮಂಜೂರು ಮಾಡಿ.

ಕುಡಿಯುವ ನೀರಿನ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ನೀರಿನ ಪೈಪ್ ಒಳಚರಂಡಿಯಿಂದ 3 ಮೀಟರ್ ದೂರ ಇರಬೇಕು. ಇಕ್ಕಟ್ಟಿನ ಬೀದಿಯಲ್ಲಿ ಅದು ಆಗದು. ಆಗ ನೀರಿನ ಪೈಪಿನ ತಳ, ಚರಂಡಿ ಪೈಪಿನ ನೆತ್ತಿಗಿಂತ ಕನಿಷ್ಠ ಅರ್ಧ ಮೀಟರ್ ಮೇಲಿರಬೇಕು. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ವಾಲ್ವ್ ಮುಚ್ಚಿದಾಗ ಪೈಪಿನೊಳಗೆ ಒತ್ತಡ ಇಳಿದು, ಬಿರುಕಿದ್ದ ಕಡೆ ಹೊರಗಿನ ಕೊಳಚೆ ಒಳಗೆ ಎಳೆದುಕೊಳ್ಳುತ್ತದೆ. ಲೈನಿಗೇ ಮೋಟರ್ ಹಾಕಿ ಎಳೆಯುವವರಿಂದ ಇದು ಇನ್ನೂ ಹೆಚ್ಚುತ್ತದೆ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಬೀದಿಯ ಕೊನೆಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ನೋಡಲು ಒಂದು ಕಿಟ್ ಸಾಕು. ಹಾಕಿ ಖಾಲಿ ಬಿಟ್ಟಿದ್ದ ಪೈಪಿದ್ದರೆ ಮೊದಲು ರಭಸವಾಗಿ ತೊಳೆದು, ಕ್ಲೋರಿನ್ ನೀರು ತುಂಬಿಸಿ 24 ಗಂಟೆ ಬಿಟ್ಟು, ಖಾಲಿ ಮಾಡಿ ಆಮೇಲೆ ಮನೆಗೆ ಬಿಡಿ.

ಯುಜಿಡಿ ತಲುಪದ ಬಡಾವಣೆಗಳಲ್ಲಿ ಪಿಟ್ ಖಾಲಿ ಮಾಡುವ ಸಕ್ಕಿಂಗ್ ಲಾರಿಗಳಿಗೆ ಸುರಿಯಲು ಹತ್ತಿರದಲ್ಲಿ ಜಾಗ ಕೊಡದಿದ್ದರೆ ಅವು ರಾತ್ರಿ ರಾಜಕಾಲುವೆಗೇ ಹೋಗುತ್ತವೆ. ದೇವನಹಳ್ಳಿಯಲ್ಲಿ 2015ರಿಂದ ಮಲತ್ಯಾಜ್ಯ ಸಂಸ್ಕರಣಾ ಘಟಕವಿದೆ; ಅದನ್ನೊಮ್ಮೆ ನೋಡಿ ಬನ್ನಿ. ಕಿರಿದಾದ ಗಲ್ಲಿಗಳಿಗೆ, ನೀರನ್ನು ರಭಸವಾಗಿ ಹಾಯಿಸಿ ಕಟ್ಟಿದ ಪೈಪ್ ಬಿಡಿಸುವ ಚಿಕ್ಕ ಜೆಟ್ಟಿಂಗ್ ಯಂತ್ರ ಕೊಡಿಸಿ. ಅದಿಲ್ಲದ ಕಡೆ ಮ್ಯಾನ್‌ಹೋಲ್‌ಗೆ ಮನುಷ್ಯರನ್ನು ಇಳಿಸುತ್ತಾರೆ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅದು ಅಪರಾಧ.

ನಮ್ಮ ಕೋರಿಕೆ ಇಷ್ಟು: ತಿಂಗಳಿಗೊಮ್ಮೆ ಪ್ರತಿ ವಾರ್ಡ್ ಕಚೇರಿಯ ಹೊರಗೆ ಬೀದಿವಾರು ಪಟ್ಟಿ ಹಾಕಿಸಿ. ಎಷ್ಟು ಮನೆ, ನೀರು ಬಂದದ್ದು ಎಷ್ಟಕ್ಕೆ, ಯುಜಿಡಿ ಜೋಡಿಸಿದ್ದು ಎಷ್ಟಕ್ಕೆ, ಉಳಿದವು ಯಾವ ಕಾರಣಕ್ಕೆ, ಕೊನೆಯ ನಲ್ಲಿಯ ಕ್ಲೋರಿನ್ ಎಷ್ಟು. ಮೊದಲ ಪಟ್ಟಿ ಮುಂಗಾರಿಗೆ ಮುಂಚೆ ಬರಲಿ.

ಇಂತಿ,
ನೀರು, ಒಳಚರಂಡಿ ಕೆಲಸ ಬಲ್ಲ ಹೊರವಲಯದ ನಿವಾಸಿಗಳು