ಮಾತ್ರೆ ಕುಟ್ಟಬೇಡ ಅಮ್ಮ

ಫ್ರೈಸಿಂಗ್, ಜರ್ಮನಿ
ನವೆಂಬರ್ 9

ಪ್ರೀತಿಯ ಅಮ್ಮ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ನಿನ್ನೆ ಸಿಕ್ಕಿತು. ಓದಿದಾಗಿನಿಂದ ಒಂದೇ ಯೋಚನೆ.

ಅಪ್ಪನ ಶುಗರ್ ಮಾತ್ರೆ ಕರಗದೆ ಹಾಗೇ ಕಕ್ಕಸಿನಲ್ಲಿ ಬಿದ್ದಿತ್ತು, ಅದಕ್ಕೇ ಈಗ ಕುಟ್ಟಾಣಿಯಲ್ಲಿ ಪುಡಿ ಮಾಡಿ ಕೊಡುತ್ತಿದ್ದೇನೆ ಅಂತ ಬರೆದಿದ್ದೀಯ. ಇವತ್ತೇ ನಿಲ್ಲಿಸು. ಅದು ಮೆಟ್‌ಫಾರ್ಮಿನ್ ಎಸ್‌ಆರ್, ಅಂದರೆ ಔಷಧಿಯನ್ನು ನಿಧಾನವಾಗಿ ಬಿಡುವ ಮಾತ್ರೆ, ಹೋದ ಸಲ ಬಂದಾಗ ಸ್ಟ್ರಿಪ್ ನಾನೇ ನೋಡಿದ್ದೆ. ಹೊಟ್ಟೆಯಲ್ಲಿ ನೀರು ಹೀರಿ ಲೋಳೆಯ ಹಾಗೆ ಊದಿಕೊಳ್ಳುತ್ತದೆ. ಔಷಧಿ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅಪ್ಪ ನೋಡಿದ್ದು ಖಾಲಿ ಸಿಪ್ಪೆ ಅಮ್ಮ, ಔಷಧಿ ಮೈಗೆ ಸೇರಿಯಾಗಿತ್ತು. ಕುಟ್ಟಿದರೆ ಎಲ್ಲ ಒಂದೇ ಸಲಕ್ಕೆ ಇಳಿಯುತ್ತದೆ. ಅಪ್ಪನಿಗೆ ಹೊಟ್ಟೆ ಕೆಡುತ್ತಿರುವುದೂ ಅದಕ್ಕೇ ಇರಬಹುದು. ಹಾಗಂತ ಮಾತ್ರೆಯನ್ನೇ ಬಿಡಿಸಬೇಡ. ನುಂಗಲು ಕಷ್ಟವಾದರೆ ಡಾಕ್ಟರಿಗೆ ಹೇಳು, ಬೇರೆ ಬರೆದುಕೊಡುತ್ತಾರೆ.

ನನ್ನ ಕೆಲಸವೂ ಇದೇ ಅಲ್ವಾ, ಬಿಯರ್ ಮಾಡಿ ಉಳಿದ ಹೊಟ್ಟಿನ ನಾರಿನಿಂದ ಇಂಥ ಮಾತ್ರೆ ಮಾಡಿ ನೋಡುವುದು. ಹೆಂಡದ ಕಾರ್ಖಾನೆ ಸೇರಿದ್ದಾಳೆ ಅಂತ ಅತ್ತೆ ಹೇಳುತ್ತಿದ್ದಾರಂತೆ. ಹಾಗಲ್ಲ ಅನ್ನು. ಇಲ್ಲಿ ಗುಡ್ಡದ ಮೇಲಿನ ಬ್ರೂವರಿ 1040ರಿಂದ ಇದೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 100 ಲೀಟರ್ ಬಿಯರಿಗೆ ಸುಮಾರು 20 ಕೆಜಿ ಒದ್ದೆ ಬಾರ್ಲಿ ಹೊಟ್ಟು ಉಳಿಯುತ್ತದೆ. ಎರಡು ದಿನ ಬಿಟ್ಟರೆ ಹುಳಿ ನಾತ. ಜಾಸ್ತಿ ಪಾಲು ದನಗಳಿಗೇ ಹೋಗುತ್ತದೆ, ನಮ್ಮ ಗೌರಿಗೆ ಬೂಸಾ ಇದ್ದ ಹಾಗೆ. ನಾವು ಅದನ್ನು ಕ್ಷಾರದಲ್ಲಿ ನೆನೆಸಿ, ಸೋಸಿ, ಆಲ್ಕೋಹಾಲ್ ಹಾಕುತ್ತೇವೆ. ಹಾಲು ಒಡೆದ ಹಾಗೆ ಬಿಳೀ ಎಳೆ ಎಳೆಯಾಗಿ ನಾರು ಬೇರೆಯಾಗುತ್ತದೆ. ಅರಾಬಿನೋಕ್ಸೈಲಾನ್ ಅಂತ ಅದರ ಹೆಸರು. ನಮ್ಮ ಹೊಟ್ಟೆ ಅದನ್ನು ಅರಗಿಸುವುದಿಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಮಾತ್ರ ಒಡೆಯುತ್ತವೆ. ಅದರೊಳಗೆ ಔಷಧಿ ಇಟ್ಟರೆ ಕರುಳಿನ ಹುಣ್ಣಿನ ಹತ್ತಿರವೇ ಮುಟ್ಟಿಸಬಹುದು ಅನ್ನೋದು ನಮ್ಮ ಆಸೆ. ಸದ್ಯಕ್ಕೆ ಗಾಜಿನ ಪಾತ್ರೆಯಲ್ಲೇ ನೋಡುತ್ತಿದ್ದೇವೆ. 37 ಡಿಗ್ರಿ ಬಿಸಿ, ಗಂಟೆಗೊಮ್ಮೆ ಸಿರಿಂಜಿನಲ್ಲಿ ಸ್ವಲ್ಪ ತೆಗೆಯಬೇಕು. ಮೊನ್ನೆ ಒಂದು ಮಾತ್ರೆ ಸೀಳುಬಿಟ್ಟು ಮೊದಲ ಗಂಟೆಯಲ್ಲೇ ಔಷಧಿಯೆಲ್ಲ ಹೊರಗೆ ಬಂತು. ಕಣ್ಣಾರೆ ಕಂಡಿದ್ದೇನೆ, ಸುಮ್ನೆ ಹೇಳುತ್ತಿಲ್ಲ.

ನನ್ನ ಚಿಂತೆ ಬಿಡು. ದಪ್ಪ ಕೋಟು ತಗೊಂಡೆ. ಸೋನಾ ಮಸೂರಿ ಸಿಗುತ್ತದೆ. ನಿನ್ನ ಸಾರಿನ ಪುಡಿ ಇನ್ನೂ ಅರ್ಧ ಡಬ್ಬಿ ಇದೆ. ನೆಗಡಿ ಕೂಡ ಬಂದಿಲ್ಲ, ನಿಜವಾಗಲೂ ಬಂದಿಲ್ಲ.

ಈ ಕಾಗದದ ಫೋಟೋ ಮಂಜುನ ಫೋನಿಗೆ ಈಗಲೇ ಕಳಿಸುತ್ತೇನೆ. ಅಪ್ಪನ ಮುಂದೆ ಗಟ್ಟಿಯಾಗಿ ಓದಲಿ. ಸ್ಯಾಂಪಲ್ ತೆಗೆಯುವ ಹೊತ್ತಾಯಿತು, ಓಡಬೇಕು.

ಇಂತಿ ನಿನ್ನ ಮಗಳು,
ಸುಮಾ