ಸೇವಾವಧಿಗೆ ತಕ್ಕ ಲಾಂಛನ: ಯೋಧರ ಗೌರವ ಮ್ಯಾಗ್ನೆಟ್‌ಗಳಲ್ಲಿ ಬದಲಾವಣೆ

ಆತ್ಮೀಯ ಗ್ರಾಹಕರೇ,

ಅಮೆರಿಕದ ಸೇನೆಯಲ್ಲಿ ದುಡಿದವರ ಗೌರವಾರ್ಥ ನಾವು ತಯಾರಿಸುವ ಅಲಂಕಾರಿಕ ಮ್ಯಾಗ್ನೆಟ್‌ಗಳ ಮೇಲೆ ಇದುವರೆಗೆ ಆಯಾ ಘಟಕದ ಈಗಿನ ಲಾಂಛನವನ್ನು ಮುದ್ರಿಸುತ್ತಿದ್ದೆವು. ಮುಂದಿನ ತಿಂಗಳಿನಿಂದ, ಆ ಯೋಧರು ಸೇವೆಯಲ್ಲಿದ್ದ ಕಾಲಕ್ಕೆ ಘಟಕವು ಯಾವ ಲಾಂಛನವನ್ನು ಧರಿಸುತ್ತಿತ್ತೋ ಅದನ್ನೇ ಮುದ್ರಿಸಲಿದ್ದೇವೆ. ಆದ್ದರಿಂದ ಘಟಕದ ಹೆಸರಿನೊಂದಿಗೆ ಸೇವೆಯ ವರ್ಷಗಳನ್ನೂ ತಿಳಿಸಬೇಕೆಂದು ಕೋರುತ್ತೇವೆ.

ಉದಾಹರಣೆಗೆ, ಭೂಸೇನೆಯ 82ನೇ ಡಿವಿಷನ್ ಎಂಬ ಘಟಕದ ತೋಳಿನ ಲಾಂಛನದಲ್ಲಿರುವ ಜೋಡಿ ‘ಎ’ ಅಕ್ಷರಗಳು ಮೊದಲ ಮಹಾಯುದ್ಧದ ಕಾಲದವು. ಅವುಗಳ ಮೇಲಿನ ‘ಏರ್‌ಬೋರ್ನ್’ ಪಟ್ಟಿಯಾದರೋ ಆ ಡಿವಿಷನ್ 1942ರಲ್ಲಿ ಪ್ಯಾರಾಚೂಟ್ ಮತ್ತು ಗ್ಲೈಡರ್ ಪಡೆಯಾಗಿ ಮಾರ್ಪಟ್ಟ ಮೇಲೆ ಸೇರಿದ್ದು. 1918ರಲ್ಲಿ ಫ್ರಾನ್ಸಿನಲ್ಲಿ ಹೋರಾಡಿದ ಮುತ್ತಜ್ಜನ ಹೆಸರಿನೊಂದಿಗೆ ಆ ಪಟ್ಟಿಯನ್ನು ಮುದ್ರಿಸಿದರೆ, ಅವರು ಎಂದೂ ಧರಿಸದಿದ್ದುದನ್ನು ಅವರಿಗೆ ತೊಡಿಸಿದಂತಾಗುತ್ತದೆ. ವಿಯೆಟ್ನಾಂ ಯುದ್ಧದಲ್ಲಿದ್ದವರ ಕುಟುಂಬದವರು ಬಣ್ಣದ ಲಾಂಛನವನ್ನಾಗಲಿ, ಆಗ ರಣರಂಗದಲ್ಲಿ ಬಳಕೆಗೆ ಬಂದ ಹಸಿರು-ಕಪ್ಪು ಲಾಂಛನವನ್ನಾಗಲಿ ಆರಿಸಿಕೊಳ್ಳಬಹುದು. ಈ ನಿಯಮಕ್ಕೆ ಒಂದೇ ಒಂದು ಅಪವಾದವುಂಟು. 45ನೇ ಡಿವಿಷನ್ ಮೊದಲು ಅಮೆರಿಕದ ಮೂಲನಿವಾಸಿಗಳ ಸಂಕೇತವಾಗಿ ಸ್ವಸ್ತಿಕವನ್ನು ಧರಿಸುತ್ತಿತ್ತು. ನಾಜಿಗಳು ಅದನ್ನು ತಮ್ಮ ಗುರುತಾಗಿಸಿಕೊಂಡ ಮೇಲೆ ಕೈಬಿಟ್ಟು, 1939ರಲ್ಲಿ ಥಂಡರ್‌ಬರ್ಡ್ ಪಕ್ಷಿಯನ್ನು ಸ್ವೀಕರಿಸಿತು. ಕಾರಿನ ಬಾಗಿಲ ಮೇಲಿನ ಮ್ಯಾಗ್ನೆಟ್ ಈ ಹಿನ್ನೆಲೆಯನ್ನು ನೋಡುವವರಿಗೆ ವಿವರಿಸಲಾರದು. ಹೀಗಾಗಿ ಆ ಡಿವಿಷನ್ನಿನ ಎಲ್ಲರಿಗೂ ಥಂಡರ್‌ಬರ್ಡನ್ನೇ ಮುದ್ರಿಸುತ್ತೇವೆ.

ಸೇವೆಯ ವರ್ಷಗಳು ಸೇನೆಯಿಂದ ಬಿಡುಗಡೆಯಾದಾಗ ಕೊಡುವ ಪತ್ರದಲ್ಲಿ (1950ರಿಂದೀಚೆಗೆ ಇದು ಡಿಡಿ 214) ಇರುತ್ತವೆ. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಇರುವುದುಂಟಾದ್ದರಿಂದ ದಯವಿಟ್ಟು ಪತ್ರದ ಪ್ರತಿಯನ್ನು ನಮಗೆ ಕಳುಹಿಸಬೇಡಿ. ಘಟಕದ ಹೆಸರು ಮತ್ತು ವರ್ಷಗಳನ್ನು ಬರೆದು ತಿಳಿಸಿದರೆ ಸಾಕು. ಹಲವು ಕುಟುಂಬಗಳಿಗೆ ದಾಖಲೆಯೇ ಸಿಗುವುದಿಲ್ಲವೆಂಬುದನ್ನು ನಾವು ಬಲ್ಲೆವು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿ ಕಡತಗಳು ನಾಶವಾದವು. 1912ರಿಂದ 1960ರ ಆರಂಭದವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ಕಡತಗಳಲ್ಲಿ ಸುಮಾರು ಶೇ 80ರಷ್ಟು ಅದರಲ್ಲೇ ಹೋದವು.

ಅಂಥ ಕುಟುಂಬದವರು, ತಮ್ಮ ಯೋಧರು ಸಮವಸ್ತ್ರದಲ್ಲಿರುವ ಹಳೆಯ ಫೋಟೊ ಇದ್ದರೆ ಕಳುಹಿಸಿ. ಭೂಸೇನೆಯ ಸಮವಸ್ತ್ರದಲ್ಲಿ ಎಡ ತೋಳಿನ ಮೇಲಿರುವುದು ಫೋಟೊ ತೆಗೆದಾಗ ಅವರಿದ್ದ ಘಟಕದ ಲಾಂಛನ. ಬಲ ತೋಳಿನ ಮೇಲೆ ಇನ್ನೊಂದಿದ್ದರೆ ಅದು ಅವರು ಹಿಂದೆ ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದ ಘಟಕದ್ದು. ಅವರ ಎಡ ತೋಳು ನಮ್ಮ ಕಣ್ಣಿಗೆ ಬಲಕ್ಕೆ ಕಾಣುವುದರಿಂದ ಇವೆರಡೂ ಅದಲುಬದಲಾಗುವುದು ಸಹಜ. ಜೊತೆಗೆ, ಕೆಲವು ಹಳೆಯ ಫೋಟೊಗಳು ತಿರುವುಮುರುವಾಗಿ ಮುದ್ರಣಗೊಂಡಿರುತ್ತವೆ. ಎದೆಯ ಮೇಲಿನ ಹೆಸರಿನ ಅಕ್ಷರಗಳು ನೇರವಾಗಿವೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಎರಡೂ ತೋಳುಗಳಲ್ಲಿ ಲಾಂಛನವಿದ್ದರೆ ಯಾವುದು ಬೇಕೆಂಬುದನ್ನು, ಆ ಯೋಧರು ನಮ್ಮೊಡನಿದ್ದರೆ, ಅವರನ್ನೇ ಕೇಳಿ ತಿಳಿಸಬೇಕೆಂಬುದು ನಮ್ಮ ಮನಃಪೂರ್ವಕ ವಿನಂತಿ.

ಬೆಲೆಯಲ್ಲಿ ಬದಲಾವಣೆಯಿಲ್ಲ. ಮುದ್ರಣಕ್ಕೆ ಮೊದಲು ವಿನ್ಯಾಸವನ್ನು ನಿಮ್ಮ ಒಪ್ಪಿಗೆಗೆ ಕಳುಹಿಸುವುದರಿಂದ ಮ್ಯಾಗ್ನೆಟ್ ತಲುಪಲು ಸುಮಾರು ಒಂದು ವಾರ ಹೆಚ್ಚು ಹಿಡಿಯುತ್ತದೆ. ಈಗಾಗಲೇ ಬೇಡಿಕೆ ಸಲ್ಲಿಸಿದವರು ಈ ತಿಂಗಳ ಕೊನೆಯೊಳಗೆ ಸೇವೆಯ ವರ್ಷಗಳನ್ನು ತಿಳಿಸಿದರೆ ಅವರಿಗೂ ಹೊಸ ಕ್ರಮದಂತೆಯೇ ತಯಾರಿಸಿ ಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ವಿನ್ಯಾಸ ಮತ್ತು ಗ್ರಾಹಕ ಸೇವಾ ವಿಭಾಗ