ಗೊರೊಸ್ವೆ ಮರ ಮತ್ತು ಅದರ ನೀರು

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳಲ್ಲಿ ಮೇಪಲ್ ಮರದ ಮಾತು ಬಂದರೆ ಸಾಕು, ಅದರ ಬೆನ್ನಿಗೇ ಕೆನಡಾದ ಧ್ವಜವೂ ಸಿರಪ್ ಬಾಟಲಿಯೂ ಬಂದುಬಿಡುತ್ತವೆ. ಈ ಕುಲದ ಹೆಚ್ಚಿನ ಮರಗಳಿರುವುದು ಪೂರ್ವ ಏಷ್ಯಾದಲ್ಲಿ. ಜಗತ್ತಿನಲ್ಲಿರುವ ಸುಮಾರು 130 ಪ್ರಭೇದಗಳ ಪೈಕಿ ಹತ್ತಿರ ಹತ್ತಿರ 100 ಚೀನಾದಲ್ಲೇ ಸಿಗುತ್ತವೆ. ಅವುಗಳಲ್ಲಿ ಜನಬಳಕೆಗೆ ತೀರ ಹತ್ತಿರವಾದ ಒಂದು ಮರವನ್ನು ಕೊರಿಯನ್ನರು ಗೊರೊಸ್ವೆ ಎನ್ನುತ್ತಾರೆ, ಜಪಾನೀಯರು ಇಟಾಯಾ ಕಾಯೆದೆ ಎನ್ನುತ್ತಾರೆ. ಕೊರಿಯಾದ ಅಡುಗೆ, ಸೌಂದರ್ಯ ಸಾಮಗ್ರಿಗಳ ಮೇಲೆ ನಮ್ಮವರ ಆಸಕ್ತಿ ಬೆಳೆದಂತೆ ಈ ಮರದ ಕಾಂಡದಿಂದ ಇಳಿಸುವ ನೀರನ್ನು ‘ಮೂಳೆ ಗಟ್ಟಿ ಮಾಡುವ ನೀರು’ ಎಂದು ಹೊಗಳುವ ಬರಹಗಳೂ ಕಣ್ಣಿಗೆ ಬೀಳುತ್ತಿವೆ. ಮರ ನಿಜಕ್ಕೂ ಹೊಗಳಿಕೆಗೆ ಯೋಗ್ಯ. ಆದರೆ ಹೊಗಳುವವರು ಅದರ ನಿಜವಾದ ಗುಣವನ್ನು ಬಿಟ್ಟು ಇಲ್ಲದ ಗುಣವನ್ನು ಹಿಡಿದಿದ್ದಾರೆ ಎಂಬ ಕಾರಣಕ್ಕೆ ಈ ಪತ್ರ.

ಇದರ ಸಸ್ಯಶಾಸ್ತ್ರೀಯ ಹೆಸರು ಏಸರ್ ಪಿಕ್ಟಮ್, ಉಪಪ್ರಭೇದ ಮೋನೋ. ಸ್ವೀಡನ್ನಿನ ಸಸ್ಯವಿಜ್ಞಾನಿ ಥುನ್‌ಬರ್ಗ್ 1784ರಲ್ಲಿ ಕೊಟ್ಟ ‘ಪಿಕ್ಟಮ್’ ಎಂಬ ಪದಕ್ಕೆ ‘ಬಣ್ಣ ಬಳಿದದ್ದು’ ಎಂದರ್ಥ. ಅವನು ವರ್ಣಿಸಿದ್ದು ಎಲೆಯ ಮೇಲೆ ಬಿಳಿ ಮಚ್ಚೆಯಿದ್ದ ತಳಿಯನ್ನು. ಕಾಡಿನ ಮರದ ಎಲೆ ಅಪ್ಪಟ ಹಸಿರು. ಹೆಸರು ನಂಬಿ ಮಚ್ಚೆ ಹುಡುಕಿದರೆ ಮರ ಸಿಗುವುದಿಲ್ಲ. ಕುಟುಂಬ ಸ್ಯಾಪಿಂಡೇಸಿ, ಅಂದರೆ ನಮ್ಮ ಅಂಟುವಾಳದ ಬಳಗ. ಮೇಪಲ್‌ಗಳಿಗೆ ಹಿಂದೆ ಬೇರೆಯೇ ಒಂದು ಕುಟುಂಬವಿತ್ತು. ಈಗ ಅವನ್ನು ಅಂಟುವಾಳ, ಲಿಚಿಗಳ ಜೊತೆಗೇ ಸೇರಿಸಿದ್ದಾರೆ.

15ರಿಂದ 20 ಮೀಟರ್ ಎತ್ತರ ಬೆಳೆಯುವ ಈ ಮರ ಕೊರಿಯಾ, ಜಪಾನ್, ಚೀನಾ ಮತ್ತು ರಷ್ಯಾದ ದೂರಪೂರ್ವದ ತಂಪು ಕಾಡುಗಳದ್ದು. ಎಲೆಗೆ ಐದು, ಕೆಲವೊಮ್ಮೆ ಏಳು ಹಾಲೆ, ಅಂದರೆ ಬೆರಳಿನಂತೆ ಚಾಚಿದ ಭಾಗ. ಹಾಲೆಯ ತುದಿ ಚೂಪು, ಅಂಚಿನಲ್ಲಿ ಮಾತ್ರ ಒಂದೂ ಹಲ್ಲಿಲ್ಲ. ಮನೆಯಂಗಳದ ಕೆಂಪು ಜಪಾನೀ ಮೇಪಲ್‌ಗೆ ಗರಗಸದಂಥ ಅಂಚಿರುತ್ತದೆ. ಎರಡನ್ನೂ ಬೇರ್ಪಡಿಸಲು ಇಷ್ಟೇ ಸಾಕು. ಇನ್ನೊಂದು ಗುರುತು: ಎಳೆಯ ಎಲೆಯ ತೊಟ್ಟು ಮುರಿದರೆ ಬಿಳಿ ಸೊನೆ ಒಸರುತ್ತದೆ. ಕುಡಿಯುವುದು ಈ ಸೊನೆಯನ್ನಲ್ಲ. ಕುಡಿಯುವ ನೀರು ಕಾಂಡದ ತೊಗಟೆಯ ಹಿಂದಿನ ಮರದಿಂದ ಬರುತ್ತದೆ, ಬಣ್ಣವಿಲ್ಲದೆ ತಿಳಿಯಾಗಿರುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡ ಬರಹಗಳು ಹಲವು.

ಏಪ್ರಿಲ್, ಮೇ ತಿಂಗಳಲ್ಲಿ ಚಿಗುರಿನ ಜೊತೆಗೇ ಹಳದಿ ಮಿಶ್ರಿತ ಹಸಿರು ಹೂಗೊಂಚಲು. ಕಾಯಿ ಜೋಡಿ ಜೋಡಿ, ಒಂದೊಂದಕ್ಕೂ ಒಂದು ರೆಕ್ಕೆ. ಶರತ್ಕಾಲದಲ್ಲಿ ಒಣಗಿ ಬಿಡಿಯಾಗಿ ಗಿರಗಿಟ್ಟಲೆಯಂತೆ ಸುತ್ತುತ್ತ ಇಳಿಯುತ್ತವೆ. ಎಲೆ ಉದುರುವ ಮುನ್ನ ತಿರುಗುವುದು ಹಳದಿಗೆ. ಕೆಂಪಿನ ಚಿತ್ರ ಹಾಕಿ ಗೊರೊಸ್ವೆ ಎಂದು ಬರೆದಿದ್ದರೆ ಅದು ಬಹುಪಾಲು ಬೇರೆ ಮರ. ಚೀನೀ ಬರಹಗಳಲ್ಲಿ ಇನ್ನೊಂದು ಗೊಂದಲವಿದೆ: ‘ಫೆಂಗ್’ ಎಂಬ ಹಳೆಯ ಹೆಸರು ಮೂಲದಲ್ಲಿ ಮೇಪಲ್‌ನದ್ದಲ್ಲ, ಲಿಕ್ವಿಡಾಂಬರ್ ಎಂಬ ಮರದ್ದು. ಅದರ ಎಲೆಯೂ ಹಾಲೆ ಹಾಲೆಯಾಗಿಯೇ ಇರುತ್ತದೆ. ಆದರೆ ಮೇಪಲ್ ಎಲೆಗಳು ಕೊಂಬೆಯ ಮೇಲೆ ಎದುರುಬದುರಾಗಿ ಕೂತರೆ, ಅದರವು ಒಂದರ ನಂತರ ಒಂದರಂತೆ ಆ ಬದಿ ಈ ಬದಿ ಕೂರುತ್ತವೆ. ಅದರ ಕಾಯಿ ಮುಳ್ಳುಮುಳ್ಳಿನ ಗುಂಡು.

ಇನ್ನು ನೀರಿನ ವಿಷಯ. ನಮಗೆ ಗೊತ್ತಿರುವ ನೀರಾ ಇದನ್ನು ಅರ್ಥಮಾಡಿಕೊಳ್ಳಲು ಒಳ್ಳೆಯ ದಾರಿ, ಏಕೆಂದರೆ ಎರಡರ ಕೆಲಸ ತದ್ವಿರುದ್ಧ. ತೆಂಗು, ಬೈನೆಗಳಲ್ಲಿ ಹೂಗೊಂಚಲಿಗೆ ಕತ್ತಿ ಹಾಕುತ್ತೇವೆ. ಎಲೆಯಲ್ಲಿ ತಯಾರಾದ ಸಕ್ಕರೆ ಫ್ಲೋಯೆಮ್ ಕೊಳವೆಗಳ ಮೂಲಕ ಹೂವಿಗೆ ಹೋಗುವ ದಾರಿಯಲ್ಲೇ ಅದನ್ನು ಇಳಿಸುತ್ತೇವೆ. ಗಾಯ ಬೇಗ ಕಟ್ಟಿಕೊಳ್ಳುವುದರಿಂದ ದಿನವೂ ತೆಳ್ಳಗೆ ಕೆತ್ತಬೇಕು. ನೂರಕ್ಕೆ ಹತ್ತಕ್ಕೂ ಮೀರಿದ ಸಕ್ಕರೆ, ಸೆಖೆಗೆ ಕೆಲವೇ ಗಂಟೆಗಳಲ್ಲಿ ಹುಳಿ. ಗೊರೊಸ್ವೆಯಲ್ಲಿ ನೀರು ಬರುವುದು ಕ್ಸೈಲೆಮ್‌ನಿಂದ, ಅಂದರೆ ಬೇರಿನ ನೀರು ಮೇಲೇರುವ ಮರದ ಭಾಗದಿಂದ, ಅದೂ ಮರದಲ್ಲಿ ಒಂದೆಲೆಯೂ ಇಲ್ಲದ ಹೊತ್ತಿನಲ್ಲಿ. ಹೋದ ಬೇಸಿಗೆಯಲ್ಲಿ ಪಿಷ್ಟವಾಗಿ ಕೂಡಿಟ್ಟದ್ದು ಚಳಿಗೆ ಸಕ್ಕರೆಯಾಗಿ ಈ ನೀರಿನಲ್ಲಿ ಕರಗಿರುತ್ತದೆ. ಪ್ರಮಾಣ ನೂರಕ್ಕೆ ಒಂದೂವರೆ, ಎರಡರಷ್ಟು ಮಾತ್ರ. ಬಾಯಿಗೆ ಇಟ್ಟರೆ ಎಳನೀರಿಗಿಂತ ಸಪ್ಪೆ, ಹಿಂದೆ ಸಣ್ಣಗೆ ಒಂದು ಸಿಹಿ.

ಈ ನೀರನ್ನು ತಳ್ಳುವುದು ಚಳಿ ಬಿಸಿಲುಗಳ ಏರಿಳಿತ. ಮೇಪಲ್ ಮರದ ನಾರುಕೋಶಗಳಲ್ಲಿ ನೀರಿಗೆ ಬದಲು ಗಾಳಿ ಇರುತ್ತದೆ. ಇದು ಉಳಿದ ಹಲವು ಮರಗಳಲ್ಲಿಲ್ಲದ ವಿಶೇಷ. ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಪಕ್ಕದ ನೀರ್ಗೊಳವೆಯಿಂದ ನೀರು ನಾರುಕೋಶಕ್ಕೆ ಸರಿದು ಒಳಗೋಡೆಯ ಮೇಲೆ ಹಿಮವಾಗಿ ಕೂರುತ್ತದೆ, ಒಳಗಿನ ಗಾಳಿ ಅಮುಕಿಕೊಳ್ಳುತ್ತದೆ. ಕೊಳವೆಯಲ್ಲಿ ಜಾಗ ಖಾಲಿಯಾದಂತೆ ಬೇರು ನೆಲದಿಂದ ಇನ್ನಷ್ಟು ನೀರು ಎಳೆದುಕೊಳ್ಳುತ್ತದೆ. ಬೆಳಗ್ಗೆ ಬಿಸಿಲು ಏರಿದಾಗ ಹಿಮ ಕರಗುತ್ತದೆ, ಅಮುಕಿದ ಗಾಳಿ ಹಿಗ್ಗುತ್ತದೆ, ನೀರು ಒತ್ತಡದೊಂದಿಗೆ ಕೊಳವೆಗೆ ವಾಪಸಾಗುತ್ತದೆ. ಕೊಳವೆಯಲ್ಲಿರುವ ಸಕ್ಕರೆಯೂ ಆ ಒತ್ತಡವನ್ನು ಹಿಡಿದಿಡಲು ನೆರವಾಗುತ್ತದೆ. ಅಲ್ಲೊಂದು ತೂತಿದ್ದರೆ ನೀರು ಹನಿಯುತ್ತದೆ.

ಹಾಗಾಗಿ ರಾತ್ರಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯದಿದ್ದರೆ ನೀರಿಲ್ಲ, ಹಗಲೂ ಹೆಪ್ಪುಗಟ್ಟಿದ್ದರೆ ನೀರಿಲ್ಲ. ಮೋಡ, ಮಳೆ, ಜೋರು ಗಾಳಿಯಿದ್ದ ದಿನ ತೀರ ಕಡಿಮೆ. ರಾತ್ರಿ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗೆ, ಹಗಲು ಹತ್ತರ ಸುತ್ತಮುತ್ತ, ಗಾಳಿಯಿಲ್ಲದ ಬಿಸಿಲು: ಇಂಥ ದಿನ ಹರಿವು ಚೆನ್ನ. ದಕ್ಷಿಣ ಕೊರಿಯಾದ ಜಿರಿಸಾನ್, ಗ್ವಾಂಗ್ಯಾಂಗ್‌ನ ಬೇಗುನ್‌ಸಾನ್ ಬೆಟ್ಟಗಳಲ್ಲಿ ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಈ ಹವಾಮಾನ. ಕಪ್ಪೆಗಳು ನಿದ್ದೆಯಿಂದೇಳುವ ದಿನ ಎಂದು ಕೊರಿಯನ್ನರು ಕರೆಯುವ ಗ್ಯೊಂಗ್‌ಚಿಪ್, ಅಂದರೆ ಮಾರ್ಚ್ 5 ಅಥವಾ 6, ನೀರು ಕುಡಿಯುವ ಸಾಂಪ್ರದಾಯಿಕ ದಿನ. ಮೊಗ್ಗು ಒಡೆಯತೊಡಗಿದ ಮೇಲೆ ರುಚಿ ಕೆಡುತ್ತದೆ, ಆಗ ನಿಲ್ಲಿಸಬೇಕು.

ಹಿಂದೆ ಕಾಂಡಕ್ಕೆ ಕೊಡಲಿಯಲ್ಲಿ ‘ವಿ’ ಆಕಾರದ ಕಚ್ಚು ಹಾಕಿ ಕೆಳತುದಿಯಲ್ಲಿ ನೀರು ಹಿಡಿಯುತ್ತಿದ್ದರು. ಅಗಲದ ಗಾಯ, ಅದರ ಮೂಲಕ ಶಿಲೀಂಧ್ರ, ಕೊನೆಗೆ ಟೊಳ್ಳು ಕಾಂಡ. ಈಗ ಡ್ರಿಲ್‌ನಿಂದ ಸಣ್ಣ ತೂತು ಕೊರೆದು, ನಳಿಕೆ ಚುಚ್ಚಿ, ಪ್ಲಾಸ್ಟಿಕ್ ಕೊಳವೆಗಳ ಮೂಲಕ ಇಳಿಜಾರಿನ ಕೆಳಗಿರುವ ತೊಟ್ಟಿಗೆ ಹರಿಸುತ್ತಾರೆ. ಕೊರಿಯಾದ ಅರಣ್ಯ ನಿಯಮದ ಪ್ರಕಾರ ಎದೆಮಟ್ಟದಲ್ಲಿ 10 ಸೆಂ.ಮೀ.ಗಿಂತ ತೆಳ್ಳಗಿನ ಮರವನ್ನು ಮುಟ್ಟುವಂತಿಲ್ಲ. 10ರಿಂದ 20 ಸೆಂ.ಮೀ. ದಪ್ಪಕ್ಕೆ ಒಂದು ತೂತು, 20ರಿಂದ 30ಕ್ಕೆ ಎರಡು, ಅದಕ್ಕೂ ಮೀರಿದರೆ ಮೂರು. ತೂತಿನ ಅಗಲ 8 ಮಿ.ಮೀ., ಆಳ 1.5 ಸೆಂ.ಮೀ. ಮೀರಬಾರದು.

ಈ ಮಿತಿಗಳ ಹಿಂದೆ ಗಟ್ಟಿ ಕಾರಣವಿದೆ. ಮರ ಗಾಯವನ್ನು ನಮ್ಮ ಚರ್ಮದಂತೆ ಮಾಯಿಸಿಕೊಳ್ಳುವುದಿಲ್ಲ. ಗಾಯದ ಸುತ್ತ ಗೋಡೆ ಕಟ್ಟಿ ಅದನ್ನು ದೂರವಿಡುತ್ತದೆ. ತೊಗಟೆ ಮುಚ್ಚಿಕೊಂಡರೂ ಒಳಗೆ ತೂತಿನ ಮೇಲೂ ಕೆಳಗೂ ಉದ್ದಕ್ಕೆ ಒಂದು ಕಂದು ಪಟ್ಟೆ ಉಳಿಯುತ್ತದೆ, ಅದರಲ್ಲಿ ಮುಂದೆಂದೂ ನೀರು ಹರಿಯುವುದಿಲ್ಲ. ಮುಂದಿನ ವರ್ಷ ಹಳೆಯ ತೂತಿನ ನೇರಕ್ಕೇ, ಮೇಲೋ ಕೆಳಗೋ ಕೊರೆದರೆ ಒಣಮರಕ್ಕೆ ಕೊರೆದಂತೆ. ಪಕ್ಕಕ್ಕೆ ಸರಿಯಬೇಕು. ಆಳ ಕೊರೆದರೆ ನೀರು ಹೆಚ್ಚು ಬರುತ್ತದೆಂಬ ಆಸೆಯಲ್ಲಿ ಕೆಟ್ಟ ಮರಗಳೇ ಹೆಚ್ಚು. ಮೊಂಡಾದ ಬಿಟ್ ನಾರನ್ನು ಕತ್ತರಿಸುವ ಬದಲು ಅರೆದುಬಿಡುತ್ತದೆ, ಕೊಳವೆಗಳ ಬಾಯಿ ಮುಚ್ಚುತ್ತದೆ. ಕಳೆದ ಸಾಲಿನ ಕೊಳವೆಯನ್ನು ತೊಳೆಯದೆ ಜೋಡಿಸಿದರೆ ಒಳಗೆ ಬೆಳೆದ ಬ್ಯಾಕ್ಟೀರಿಯಾ ನೀರನ್ನೂ ಕೆಡಿಸುತ್ತದೆ, ತೂತನ್ನೂ ಬೇಗ ಕಟ್ಟಿಸುತ್ತದೆ. ಹಂಗಾಮು ಮುಗಿದೊಡನೆ ನಳಿಕೆ ಕಿತ್ತು ತೂತನ್ನು ಸ್ವಚ್ಛ ಮಾಡಿ ಬಿಡಬೇಕು. ನಳಿಕೆ ಅಲ್ಲೇ ಉಳಿದರೆ ತೊಗಟೆ ಕೂಡಿಕೊಳ್ಳುವುದಿಲ್ಲ.

ಗೊರೊಸ್ವೆ ಎಂಬ ಹೆಸರನ್ನು ‘ಗೊಲ್ಲಿಸು’, ಮೂಳೆಗೆ ಹಿತವಾದ ನೀರು, ಎಂಬುದರಿಂದ ಬಿಡಿಸುತ್ತಾರೆ. ಅದಕ್ಕೊಂದು ಐತಿಹ್ಯವೂ ಇದೆ. 9ನೇ ಶತಮಾನದ ಬೌದ್ಧ ಭಿಕ್ಷು ದೊಸೊನ್ ಬೇಗುನ್‌ಸಾನ್‌ನಲ್ಲಿ ಬಹುಕಾಲ ಧ್ಯಾನಕ್ಕೆ ಕೂತು ಏಳಹೋದಾಗ ಮೊಣಕಾಲು ನೆಟ್ಟಗಾಗಲಿಲ್ಲವಂತೆ. ಆಸರೆಗೆ ಹಿಡಿದ ಕೊಂಬೆ ಮುರಿದು, ಅದರಿಂದ ಹನಿದ ನೀರು ಕುಡಿದ ಮೇಲೆ ಕಾಲು ಚಾಚಿಕೊಂಡಿತಂತೆ. ಐತಿಹ್ಯ ಚಂದ. ಲೆಕ್ಕ ಮಾತ್ರ ಬೇರೆ. ಈ ನೀರಿನ ಕ್ಯಾಲ್ಸಿಯಂ ಎಂದು ಕೊರಿಯಾದಲ್ಲಿ ಹೇಳುವುದು ಲೀಟರಿಗೆ 60 ಮಿ.ಗ್ರಾಂ. ಚಿಲ್ಲರೆ. ಅಲ್ಲಿನ ನಲ್ಲಿ ನೀರಿಗೆ ಹೋಲಿಸಿದರೆ ಬಹಳ, ಹಾಲಿಗೆ ಹೋಲಿಸಿದರೆ ಅಲ್ಪ. ಒಂದು ಲೀಟರ್ ಹಾಲಿನಲ್ಲಿ 1,200 ಮಿ.ಗ್ರಾಂ. ಆಸುಪಾಸು ಇರುತ್ತದೆ. ಐದು ಲೀಟರ್ ಗೊರೊಸ್ವೆ ನೀರು ಕುಡಿದರೂ ಸಿಗುವುದು ಒಂದು ದೊಡ್ಡ ಲೋಟ ಹಾಲಿನಷ್ಟು. ಅದೇ ಐದು ಲೀಟರ್‌ನಲ್ಲಿ 75ರಿಂದ 100 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗಿರುತ್ತದೆ. ಸಕ್ಕರೆ ಕಾಯಿಲೆಯವರಿಗೆ ಈ ಮಾತು ಯಾರೂ ಹೇಳುವುದಿಲ್ಲ. ಪೊಟ್ಯಾಸಿಯಂ ಕೂಡ ಇರುವುದರಿಂದ ಮೂತ್ರಪಿಂಡದ ತೊಂದರೆಯಿದ್ದವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಐದು ಲೀಟರ್ ಯಾರು ಕುಡಿಯುತ್ತಾರೆ ಎನ್ನಬೇಡಿ. ಅಲ್ಲಿನ ಪದ್ಧತಿಯೇ ಹಾಗೆ. ನೆಲದಡಿ ಬೆಂಕಿಯ ಶಾಖ ಹರಿಯುವ ಒಂದೊಲ್ ಕೋಣೆಯಲ್ಲಿ ನೆಂಟರಿಷ್ಟರು ಕೂಡಿ, ಬೆವರುತ್ತ, ಉಪ್ಪುಪ್ಪಾದ ಒಣಮೀನು ಜಗಿಯುತ್ತ, ಬಾಯಾರಿದಂತೆಲ್ಲ ಇದನ್ನೇ ಕುಡಿಯುತ್ತ ರಾತ್ರಿ ಕಳೆಯುತ್ತಾರೆ. ಮಾರಾಟದ ಹಳೆಯ ಅಳತೆಯೂ ಅದಕ್ಕೆ ತಕ್ಕಂತೆ: ಒಂದು ‘ಮಲ್’, ಅಂದರೆ 18 ಲೀಟರ್. ಉಳಿದ ನೀರು ಅನ್ನಕ್ಕೆ, ಇಡಿಯ ಕೋಳಿ ಬೇಯಿಸುವುದಕ್ಕೆ, ಸೋಯಾ ಸಾಸ್ ಹಾಕುವುದಕ್ಕೆ. ಚಳಿಗಾಲ ಮುಗಿಯುವ ಹೊತ್ತಿನ ಈ ಕೂಟವೇ ಗೊರೊಸ್ವೆಯ ನಿಜವಾದ ಬೆಲೆ ಎಂದು ನಮ್ಮ ಅಭಿಪ್ರಾಯ. ಬಾಟಲಿಗೆ ತುಂಬಿ ಮದ್ದು ಎಂದು ಮಾರಿದಾಗ ಉಳಿಯುವುದು ಸಪ್ಪೆ ಸಕ್ಕರೆ ನೀರು.

ಈ ನೀರನ್ನು ಕುದಿಸಿ ಬತ್ತಿಸಿ ಸಿರಪ್ ಮಾಡಬಾರದೇ ಎಂದು ಕೇಳುವವರಿದ್ದಾರೆ. ಮಾಡಬಹುದು, ಲೆಕ್ಕ ಸುಲಭ: 86ನ್ನು ನೀರಿನ ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿದರೆ ಒಂದು ಲೀಟರ್ ಸಿರಪ್‌ಗೆ ಬೇಕಾದ ಲೀಟರ್‌ಗಳು ಸಿಗುತ್ತವೆ. ಶೇ 2 ಇದ್ದರೆ 43, ಶೇ 1.5 ಇದ್ದರೆ 57. ಅಷ್ಟು ನೀರು ಬತ್ತಿಸಲು ಬೇಕಾಗುವ ಸೌದೆಯನ್ನು ಆಲೆಮನೆ ಕಂಡವರು ಊಹಿಸಿಕೊಳ್ಳಬಹುದು.

ಹಸಿ ನೀರು ಉಳಿಯುವುದು ಕಡಿಮೆ. ಸೊನ್ನೆಯಿಂದ ಐದು ಡಿಗ್ರಿ ಚಳಿಯಲ್ಲಿಟ್ಟು ಒಂದು ವಾರದೊಳಗೆ ಕುಡಿದು ಮುಗಿಸಬೇಕು, ಇಲ್ಲವೇ ಹೆಪ್ಪುಗಟ್ಟಿಸಿಡಬೇಕು. ಹೆಪ್ಪುಗಟ್ಟಿಸುವಾಗ ಬಾಟಲಿಯನ್ನು ಕಂಠದವರೆಗೆ ತುಂಬಬಾರದು, ಒಡೆಯುತ್ತದೆ. ದಿನ ಕಳೆದಂತೆ ನೀರು ಮಸುಕಾಗಿ ತಳದಲ್ಲಿ ಬಿಳಿ ಗಷ್ಟು ಕೂರುವುದುಂಟು. ಹುಳಿ ವಾಸನೆ ಅಥವಾ ಲೋಳೆ ಕಂಡರೆ ಚೆಲ್ಲಬೇಕು, ಕುದಿಸಿ ಸರಿಪಡಿಸಲು ಹೋಗಬಾರದು.

ಜಪಾನಿನಲ್ಲಿ ಈ ಮರದ ಬಾಳೇ ಬೇರೆ. ಇಟಾಯಾ ಎಂದರೆ ಹಲಗೆ ಹೊದಿಸಿದ ಮಾಡು. ಎಲೆ ಅಷ್ಟು ಒತ್ತಾಗಿ, ಮಳೆ ಸೋರದಂತೆ ಹೊದ್ದಿರುತ್ತದೆಂದು ಆ ಹೆಸರು. ಹೊಕ್ಕಾಯ್ಡೋದ ಮೂಲನಿವಾಸಿ ಐನು ಜನ ಇದನ್ನು ತೊಪೆನಿ ಎನ್ನುತ್ತಾರೆ. ತೊಪೆ ಎಂದರೆ ಹಾಲು, ನಿ ಎಂದರೆ ಮರ. ಅವರೂ ಇದರ ನೀರು ಕುಡಿಯುತ್ತಿದ್ದರು, ಕೊಂಬೆಯಲ್ಲಿ ಹೆಪ್ಪುಗಟ್ಟಿ ನೇತಾಡುವುದನ್ನು ಮಿಠಾಯಿಯಂತೆ ತಿನ್ನುತ್ತಿದ್ದರು. ಮರ ಗಟ್ಟಿ, ಬಿಳುಪು, ಎಳೆ ನಯ. ಸ್ಕೀ ಹಲಗೆ, ನೆಲದ ಹಲಗೆ, ಪೀಠೋಪಕರಣ, ಸಂಗೀತ ವಾದ್ಯಗಳಿಗೆ ಬಳಕೆ. ನಮಗೆ ಎಲ್ಲಕ್ಕಿಂತ ಹತ್ತಿರವೆನಿಸುವುದು ಅಕಿತಾ ಪ್ರಾಂತ್ಯದ ಮೊರ. ಹೌದು, ಭತ್ತ ಕೇರುವ ಮೊರವೇ. ಕೈಹಿಡಿತಕ್ಕೆ ಸಿಗುವಷ್ಟು ತೆಳ್ಳಗಿನ, ಗಂಟಿಲ್ಲದ ಎಳೆ ಮರವನ್ನು ನಡುವಿನಿಂದ ಹೊರಕ್ಕೆ ಸೀಳಿ, ತಿರುಳು ತೆಗೆದು, ಆ ಸೀಳುಗಳನ್ನು ಮತ್ತೆ ತೆಳು ಪಟ್ಟಿಗಳಾಗಿ ಬಿಡಿಸಿ ಹೆಣೆಯುತ್ತಾರೆ. ಸೀಳುವುದೆಲ್ಲ ಮರ ಹಸಿಯಿರುವಾಗ. ಒಣಗಿದರೆ ಪಟ್ಟಿ ಬಾಗದೆ ಮುರಿಯುತ್ತದೆ. ಗಂಟಿದ್ದಲ್ಲಿ ಸೀಳು ಓರೆ ಹೊಡೆದು ಇಡೀ ತುಂಡು ಹಾಳು. ಈ ಮೊರ ಹೆಣೆಯುವ ಕೌಶಲವನ್ನು ಜಪಾನ್ ಸರ್ಕಾರ 2009ರಲ್ಲಿ ಮಹತ್ವದ ಜನಪದ ಪರಂಪರೆಯೆಂದು ಗುರುತಿಸಿದೆ. ಅದೇ ಪಟ್ಟಿಗಳಿಂದ ಬುಟ್ಟಿ, ಮಕ್ಕಳಾಟದ ಪುಟ್ಟ ನರಿಗಳನ್ನೂ ಮಾಡುತ್ತಾರೆ.

ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಬೆಳೆಸಬಹುದೇ ಎಂಬ ಪ್ರಶ್ನೆಗೆ ಎರಡೇ ಮಾತು. ಬೀಜವನ್ನು ಒದ್ದೆ ಮರಳಿನಲ್ಲಿ ಫ್ರಿಜ್‌ನೊಳಗೆ ಮೂರು ನಾಲ್ಕು ತಿಂಗಳು ಇಟ್ಟರೆ ಮೊಳಕೆ ಬಂದೀತು. ಆದರೆ ಮರಕ್ಕೆ ಪ್ರತಿವರ್ಷ ದೀರ್ಘ ಚಳಿಗಾಲ ಬೇಕು; ಅದಿಲ್ಲದೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ, ಗಿಡ ಸೊರಗುತ್ತದೆ. ರಾತ್ರಿ ಸೊನ್ನೆಗಿಂತ ಕೆಳಗಿಳಿಯದ ಊರಲ್ಲಿ ನೀರಂತೂ ಬಾರದು. ಆನ್‌ಲೈನ್‌ನಲ್ಲಿ ಮಾರುವ ನೀಲಿ ಮೇಪಲ್ ಬೀಜಕ್ಕೆ ಯಾರೂ ದುಡ್ಡು ಹಾಕಬಾರದು. ನೀಲಿ ಎಲೆಯ ಮೇಪಲ್ ಎಂಬುದೇ ಇಲ್ಲ.

ಪತ್ರಿಕೆಯಲ್ಲಿ ಮುಂದೆ ಈ ವಿಷಯ ಬಂದಾಗ ‘ಕೊರಿಯಾದ ಮೇಪಲ್ ಸಿರಪ್’ ಎಂದು ಬರೆಯದೆ ‘ಗೊರೊಸ್ವೆ ನೀರು’ ಎಂದೇ ಬರೆಯಬೇಕೆಂದೂ, ಅದರಲ್ಲಿರುವ ಸಕ್ಕರೆಯ ಪ್ರಮಾಣವನ್ನು ಜೊತೆಗೇ ಕೊಡಬೇಕೆಂದೂ ಕೋರುತ್ತೇವೆ.

ಇಂತಿ,
ಸಸ್ಯಶಾಸ್ತ್ರದ ಇಬ್ಬರು ಅಧ್ಯಾಪಕರು, ಶಿರಸಿ